ಉತ್ತರ ಮೊದಲು, ಕೋಡ್ ಆಮೇಲೆ

ಪ್ರೋಗ್ರಾಮಿಂಗ್ ಈಗಷ್ಟೇ ಶುರು ಮಾಡಿದವರಿಗೆ ಯೂನಿಟ್ ಟೆಸ್ಟ್ ಅಂದ ತಕ್ಷಣ ಅದೇನೋ ದೊಡ್ಡ ಕಂಪನಿಯವರ ಕೆಲಸ ಅನ್ನಿಸುತ್ತದೆ. ನಾವು ಬರೆಯೋದೇ ಇಪ್ಪತ್ತು ಸಾಲು, ಅದಕ್ಕೆ ಟೆಸ್ಟ್ ಬೇರೆ ಕೇಡು ಅಂತ ಮನಸ್ಸಿನಲ್ಲೇ ಅಂದುಕೊಳ್ಳುತ್ತಾರೆ. ಕೆಲವರು ಬಾಯಿಬಿಟ್ಟು ಹೇಳಿಯೂ ಬಿಡುತ್ತಾರೆ.

ಆದರೆ ಅವರು ಕೋಡ್ ಬರೆಯುವಾಗ ಸುಮ್ನೆ ಪಕ್ಕದಲ್ಲಿ ಕೂತು ನೋಡಿ. ಮೂರು ಸಾಲು ಬರೆಯುತ್ತಾರೆ, ಒಂದು ಪ್ರಿಂಟ್ ಹಾಕುತ್ತಾರೆ, ರನ್ ಮಾಡುತ್ತಾರೆ. ಪರದೆಯ ಮೇಲೆ 30 ಬಂದರೆ ತಲೆಯಾಡಿಸುತ್ತಾರೆ. ಬೇರೇನೋ ಬಂದರೆ ಹುಬ್ಬು ಗಂಟಿಕ್ಕುತ್ತಾರೆ. ಅದೂ ಟೆಸ್ಟೇ ಅಲ್ವಾ? ಕೊರತೆ ಇರುವುದು ಒಂದೇ ಕಡೆ. 30 ಬರಬೇಕು ಅನ್ನುವುದು ಅವರ ತಲೆಯಲ್ಲಿ ಮಾತ್ರ ಇದೆ, ಎಲ್ಲೂ ಬರೆದಿಟ್ಟಿಲ್ಲ. ಪ್ರಿಂಟ್ ಅಳಿಸಿದ ಕೂಡಲೇ ಆ ಟೆಸ್ಟೂ ಹೋಯಿತು. ನಾಳೆ ಕೋಡ್ ತಿದ್ದಿದರೆ ಮತ್ತೆ ಪ್ರಿಂಟ್ ಹಾಕಬೇಕು, ಮತ್ತೆ ಕಣ್ಣಿಟ್ಟು ನೋಡಬೇಕು.

ತಲೆಯಲ್ಲಿರುವ ಆ 30ನ್ನು ಫೈಲಿಗೆ ಇಳಿಸಿದರೆ ಅದೇ ಯೂನಿಟ್ ಟೆಸ್ಟ್. ಈ ಫಂಕ್ಷನ್‌ಗೆ ಇದನ್ನು ಕೊಟ್ಟರೆ ಇದು ಬರಬೇಕು ಅಂತ ಒಂದು ಸಾಲು. ಬಂತೋ ಇಲ್ಲವೋ ಅಂತ ನೋಡುವ ಕೆಲಸ ಕಂಪ್ಯೂಟರ್‌ಗೆ ಬಿಟ್ಟದ್ದು. ಟೆಸ್ಟ್ ಡ್ರಿವನ್ ಡೆವಲಪ್‌ಮೆಂಟ್, ಚಿಕ್ಕದಾಗಿ ಟಿಡಿಡಿ, ಇದಕ್ಕೆ ಇನ್ನೊಂದು ಷರತ್ತು ಸೇರಿಸುತ್ತದೆ: ಆ ಸಾಲನ್ನು ಕೋಡ್ ಬರೆಯುವುದಕ್ಕಿಂತ ಮೊದಲೇ ಬರಿ.

ಇದನ್ನು ಹೇಳಿಕೊಡುವವರು ಸಾಮಾನ್ಯವಾಗಿ "ಬಗ್ ಕಡಿಮೆಯಾಗುತ್ತದೆ, ಕ್ವಾಲಿಟಿ ಚೆನ್ನಾಗಿರುತ್ತದೆ" ಅಂತ ಶುರು ಮಾಡುತ್ತಾರೆ. ಹೊಸಬರಿಗೆ ಹಾಗೆ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಮಾತು ಸುಳ್ಳಲ್ಲ. ಆದರೆ ಇಪ್ಪತ್ತು ಸಾಲಿನ ಪ್ರೋಗ್ರಾಂ ಬರೆಯುವವರ ಕಣ್ಣಿಗೆ ಆ ಲಾಭ ಬೀಳುವುದಿಲ್ಲ. ಅವರ ಕಷ್ಟವೇ ಬೇರೆ. ಕೀಬೋರ್ಡ್ ಮುಂದೆ ಕೂತಿರುತ್ತಾರೆ, ಸಿಂಟ್ಯಾಕ್ಸ್ ಗೊತ್ತಿರುತ್ತದೆ, ಆದರೂ ಕೈ ಓಡುವುದಿಲ್ಲ. ಯಾಕೆ ಅಂದರೆ ಫಂಕ್ಷನ್ ಏನು ಕೊಡಬೇಕು ಅನ್ನುವುದು ಅವರಿಗೇ ಸರಿಯಾಗಿ ಗೊತ್ತಿಲ್ಲ. ಹೇಗೆ ಬರೆಯೋದು ಅಂತ ತಿಣುಕುತ್ತಿರುತ್ತಾರೆ, ಏನು ಬರಬೇಕು ಅನ್ನುವುದೇ ಇನ್ನೂ ತೀರ್ಮಾನವಾಗಿರುವುದಿಲ್ಲ. ಟೆಸ್ಟ್ ಮೊದಲು ಬರೆಯಿರಿ ಅಂದರೆ ಆ ತೀರ್ಮಾನ ಮೊದಲು ಆಗಲೇಬೇಕಾಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಉತ್ತರಗಳು ಕೊನೆಯ ಪುಟದಲ್ಲಿ ಇರುತ್ತವಲ್ಲ, ಇಲ್ಲಿ ಆ ಪುಟವನ್ನು ನಾವೇ ಮೊದಲು ಬರೆದುಕೊಳ್ಳುತ್ತೇವೆ.

ನಾನು ಹೇಳಿಕೊಡುವಾಗ ಜಾಸ್ತಿ ಬಳಸುವ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಒಂದು ಮೊತ್ತವನ್ನು ಕೆಲವು ಜನರಿಗೆ ಸಮನಾಗಿ ಹಂಚಬೇಕು. ಎಲ್ಲರ ಪಾಲೂ ಪೂರ್ತಿ ಸಂಖ್ಯೆಯಲ್ಲೇ ಇರಬೇಕು, ಅರ್ಧ ಮುಕ್ಕಾಲು ಬೇಡ. ಕೇಳಲು ಮೂರನೇ ಕ್ಲಾಸಿನ ಲೆಕ್ಕ. ಮೊದಲ ಟೆಸ್ಟ್ ಹೀಗೆ (ಅಸರ್ಟ್ ಅಂದರೆ ಮುಂದಿನದು ನಿಜ ಇರಲೇಬೇಕು, ಇಲ್ಲದಿದ್ದರೆ ಎರರ್ ಕೊಡು ಅಂತ):

ಅಸರ್ಟ್ ಹಂಚು(90, 3) == [30, 30, 30]

(ಓದಲು ಸುಲಭವಾಗಲಿ ಅಂತ ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೇನೆ. ಪೈಥಾನ್ 3ರಲ್ಲಿ ಫಂಕ್ಷನ್‌ಗೆ ನಿಜವಾಗಲೂ ಕನ್ನಡದ ಹೆಸರು ಇಡಬಹುದು, ಅದು ಓಡುತ್ತದೆ. ಅಸರ್ಟ್‌ನಂಥ ಕೀವರ್ಡ್‌ಗಳನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು.)

ರನ್ ಮಾಡಿ. ಕೆಂಪು, ಅಂದರೆ ಟೆಸ್ಟ್ ಫೇಲ್. ಹಂಚು ಅನ್ನುವ ಫಂಕ್ಷನ್ನೇ ಇಲ್ಲ ಅಂತ ನೇಮ್‌ಎರರ್ ಬರುತ್ತದೆ. ಇಲ್ಲದ ಫಂಕ್ಷನ್ ಅನ್ನು ಕರೆದು ಬೈಸಿಕೊಳ್ಳುವುದು ಹೊಸಬರಿಗೆ ವಿಚಿತ್ರ ಅನ್ನಿಸುತ್ತದೆ. ಆದರೆ ಗಮನಿಸಿ, ಆ ಒಂದು ಸಾಲಿನಲ್ಲಿ ಮೂರು ವಿಷಯ ಆಗಲೇ ಇತ್ಯರ್ಥವಾಗಿವೆ. ಫಂಕ್ಷನ್ ಹೆಸರು ಏನು, ಅದಕ್ಕೆ ಏನೇನು ಕೊಡಬೇಕು, ಅದು ಏನನ್ನು ವಾಪಸ್ ಕೊಡಬೇಕು. ಒಂದು ಸಂಖ್ಯೆ ಸಾಕೋ, ಪಟ್ಟಿಯೇ ಬೇಕೋ ಅನ್ನುವುದು ಚಿಕ್ಕ ಪ್ರಶ್ನೆಯಲ್ಲ. ಕೋಡ್ ಬರೆದ ಮೇಲೆ ಅದನ್ನು ಬದಲಾಯಿಸಲು ಕೂತರೆ ಹತ್ತು ಕಡೆ ಮುಟ್ಟಬೇಕಾಗುತ್ತದೆ.

ಈಗ ಹಸಿರು ಮಾಡಬೇಕು, ಅಂದರೆ ಟೆಸ್ಟ್ ಪಾಸ್ ಆಗಬೇಕು. ಅದಕ್ಕೆ ಅತಿ ಕಡಿಮೆ ಕೋಡ್ ಯಾವುದು? ನೇರವಾಗಿ [30, 30, 30] ವಾಪಸ್ ಕೊಟ್ಟುಬಿಡಿ. ಇಲ್ಲಿ ಎಲ್ಲರೂ ನಗುತ್ತಾರೆ. ಇದು ಮೋಸ ಅಲ್ವಾ ಅಂತಾರೆ. ಮೋಸವೇ. ಆದರೆ ಟೆಸ್ಟ್ ಇನ್ನೂ ದಡ್ಡ ಇದೆ ಅನ್ನುವುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಒಂದೇ ಉದಾಹರಣೆ ಕೊಟ್ಟರೆ ಒಂದೇ ಉತ್ತರ ಕೊಡುವ ಫಂಕ್ಷನ್ ಸಿಗುತ್ತದೆ. ಹಾಗಾಗಿ ಎರಡನೆಯದು: ಹಂಚು(80, 4) ಗೆ [20, 20, 20, 20]. ಈಗ ಮೋಸ ನಡೆಯುವುದಿಲ್ಲ. ಮೊತ್ತವನ್ನು ಜನರಿಂದ ಭಾಗಿಸಿ, ಅಷ್ಟು ಸಲ ಪಟ್ಟಿಯಲ್ಲಿ ಇಡಲೇಬೇಕು.

ಮೂರನೇ ಟೆಸ್ಟಿಗೆ ಬಂದಾಗ ಲೆಕ್ಕದ ನಿಜವಾದ ರೂಪ ಕಾಣುತ್ತದೆ. ಹಂಚು(100, 3) ಗೆ ಏನು ಬರಬೇಕು?

ಇಲ್ಲಿ ನಾನು ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಒಬ್ಬರು 33, 33, 33 ಅಂತಾರೆ. ಇನ್ನೊಬ್ಬರು, ಹಾಗಾದರೆ ಒಂದು ಎಲ್ಲಿ ಹೋಯಿತು ಅಂತಾರೆ. ಉಳಿದ ಒಂದನ್ನು ಯಾರಿಗೆ ಕೊಡಬೇಕು? ಮೊದಲನೆಯವರಿಗೋ, ಕೊನೆಯವರಿಗೋ? ಇದಕ್ಕೆ ಪ್ರೋಗ್ರಾಮಿಂಗ್ ಉತ್ತರ ಹೇಳುವುದಿಲ್ಲ, ಇದು ಮನುಷ್ಯರು ಕೂತು ಒಪ್ಪಿಕೊಳ್ಳಬೇಕಾದ ವಿಷಯ. ಮೊದಲಿನವರಿಂದ ಒಂದೊಂದು ಜಾಸ್ತಿ ಕೊಡುತ್ತಾ ಹೋಗೋಣ ಅಂತ ಒಪ್ಪಿಕೊಂಡೆವು ಅಂತಿಟ್ಟುಕೊಳ್ಳಿ. ಟೆಸ್ಟ್‌ನಲ್ಲಿ [34, 33, 33] ಅಂತ ಬರೆಯುತ್ತೇವೆ. ರನ್ ಮಾಡಿದರೆ ಪೈಟೆಸ್ಟ್ (ಪೈಥಾನ್ ಟೆಸ್ಟ್ ಓಡಿಸುವ ಉಪಕರಣ) ಎರಡೂ ಪಟ್ಟಿಗಳನ್ನು ಎದುರುಬದುರು ಇಟ್ಟು, ಇಂಡೆಕ್ಸ್ 0ರಲ್ಲಿ ವ್ಯತ್ಯಾಸ, 33 ಮತ್ತು 34 ಒಂದೇ ಅಲ್ಲ ಅಂತ ಹೇಳುತ್ತದೆ. ಎಲ್ಲಿ, ಏನು, ಎಷ್ಟು ಅಂತ ಇಷ್ಟು ಬಿಡಿಸಿ ಹೇಳಿದ ಮೇಲೆ ತಿದ್ದುವುದು ಕಷ್ಟವಲ್ಲ. ಭಾಗಿಸಿ ಉಳಿದ ಶೇಷವನ್ನು ಮೊದಲ ಪಾಲಿಗೆ ಸೇರಿಸುತ್ತಾರೆ. ಹಸಿರು.

ಮುಗಿಯಿತಾ? ಹಂಚು(101, 3) ಕೊಟ್ಟು ನೋಡಿ. ನಾವು ಒಪ್ಪಿಕೊಂಡ ಪ್ರಕಾರ [34, 34, 33] ಬರಬೇಕು. ಬಂದದ್ದು [35, 33, 33]. ಶೇಷ ಒಂದೇ ಇದ್ದಾಗ "ಎಲ್ಲವನ್ನೂ ಮೊದಲನೆಯವರಿಗೆ ಕೊಡು" ಅನ್ನುವುದಕ್ಕೂ "ಒಂದೊಂದಾಗಿ ಕೊಡುತ್ತಾ ಹೋಗು" ಅನ್ನುವುದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. 100ರ ಟೆಸ್ಟ್ ಎರಡನ್ನೂ ಪಾಸ್ ಮಾಡಿಬಿಡುತ್ತದೆ. 101ರದ್ದು ಬಿಡುವುದಿಲ್ಲ. ಟೆಸ್ಟಿಗೆ ಸಂಖ್ಯೆ ಆರಿಸುವುದರಲ್ಲಿ ಜಾಣತನ ಇರುವುದೇ ಇಲ್ಲಿ. ಎರಡು ಬೇರೆ ಬೇರೆ ಅರ್ಥಗಳು ಎಲ್ಲಿ ಬೇರೆ ಬೇರೆ ಉತ್ತರ ಕೊಡುತ್ತವೋ ಆ ಸಂಖ್ಯೆಯನ್ನು ಹುಡುಕಬೇಕು.

ಶೇಷವನ್ನು ಒಂದೊಂದಾಗಿ ಕೊಡುವ ಹಾಗೆ ಕೋಡ್ ತಿದ್ದಿದ ಮೇಲೆ ಪ್ರಶ್ನೆಗಳು ತಾವಾಗಿಯೇ ಬರುತ್ತವೆ. ಎರಡನ್ನು ಐದು ಜನರಿಗೆ ಹಂಚಿದರೆ? [1, 1, 0, 0, 0]. ಜನ ಸೊನ್ನೆ ಇದ್ದರೆ? ಪೈಥಾನ್ ಝೀರೋಡಿವಿಷನ್‌ಎರರ್ ಕೊಡುತ್ತದೆ. ಅದೇ ಸಾಕೋ, ನಮ್ಮದೇ ಮಾತಿನಲ್ಲಿ ವ್ಯಾಲ್ಯೂಎರರ್ ಎಬ್ಬಿಸಬೇಕೋ? ಯಾವುದಾದರೂ ಸರಿ, ಆದರೆ ತೀರ್ಮಾನಿಸಿ ಬರೆದಿಡಿ. ಎರರ್ ಬರಲೇಬೇಕು ಅಂತಲೂ ಟೆಸ್ಟ್ ಬರೆಯಬಹುದು ಅನ್ನುವುದು ಹೊಸಬರಿಗೆ ಖುಷಿ ಕೊಡುವ ವಿಷಯ. ಪೈಟೆಸ್ಟ್‌ನಲ್ಲಿ ಅದಕ್ಕೆ ರೈಸಸ್ ಅಂತ ಇದೆ.

ಮೊತ್ತ ಮೈನಸ್ ಇದ್ದರೆ? ಹಣ ವಾಪಸ್ ಕೊಡುವ ಸಂದರ್ಭ ಅಂದುಕೊಳ್ಳಿ. ಇಲ್ಲಿ ಒಂದು ಮಜಾ ಇದೆ. ಪೈಥಾನ್‌ನಲ್ಲಿ ಮೈನಸ್ 100ನ್ನು 3ರಿಂದ ಪೂರ್ಣಾಂಕ ಭಾಗ ಮಾಡಿದರೆ ಮೈನಸ್ 34, ಶೇಷ 2. ಹಾಗಾಗಿ ನಮ್ಮ ಕೋಡ್ [-33, -33, -34] ಕೊಡುತ್ತದೆ, ಕೂಡಿದರೆ ಮೈನಸ್ 100 ಸರಿಯಾಗಿ ಬರುತ್ತದೆ. ಅದೇ ಲಾಜಿಕ್ ಅನ್ನು ಜಾವಾದಲ್ಲಿ ಬರೆಯಿರಿ. ಅಲ್ಲಿ ಭಾಗಲಬ್ಧ ಮೈನಸ್ 33, ಶೇಷ ಮೈನಸ್ 1. ಶೇಷ ಮೈನಸ್ ಆಗಿರುವುದರಿಂದ ಯಾರಿಗೂ ಏನೂ ಸೇರುವುದಿಲ್ಲ. ಮೂರು ಮೈನಸ್ 33 ಕೂಡಿದರೆ ಮೈನಸ್ 99. ಒಂದು ಎಲ್ಲೋ ಮಾಯ. ಒಂದು ಭಾಷೆಯಿಂದ ಇನ್ನೊಂದಕ್ಕೆ ಕೋಡ್ ಅನ್ನು ಸಾಲು ಸಾಲಾಗಿ ಇಳಿಸಿದವರಿಗೆ ಇಂಥದ್ದು ಕಣ್ಣಿಂದ ನೋಡಿದರೆ ಸಿಗುವುದಿಲ್ಲ.

ಕೂಡಿದರೆ ಮೂಲ ಮೊತ್ತವೇ ಬರಬೇಕು ಅಂದೆನಲ್ಲ, ಅದನ್ನೇ ಒಂದು ಟೆಸ್ಟ್ ಮಾಡಬಹುದು. ಮೊತ್ತ 0ಯಿಂದ 200ರವರೆಗೆ, ಜನ 1ರಿಂದ 20ರವರೆಗೆ, ಎರಡು ಲೂಪ್ ಹಾಕಿ. ಪ್ರತಿ ಸಲವೂ ಪಾಲುಗಳ ಮೊತ್ತ ಮೂಲ ಮೊತ್ತಕ್ಕೆ ಸಮ ಇರಬೇಕು, ಅತಿ ದೊಡ್ಡ ಪಾಲಿಗೂ ಅತಿ ಚಿಕ್ಕ ಪಾಲಿಗೂ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ನಾಲ್ಕು ಸಾವಿರಕ್ಕೂ ಜಾಸ್ತಿ ಜೋಡಿಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತವೆ. ಪ್ರಿಂಟ್ ಹಾಕಿ ನೋಡುತ್ತಿದ್ದವರಿಗೆ ಇದನ್ನು ತೋರಿಸಿದಾಗ ಮುಖ ಅರಳುತ್ತದೆ. ಟೆಸ್ಟ್ ಅಂದರೆ ಬೇರೆಯವರು ಹೇರಿದ ಕೆಲಸ ಅನ್ನುವ ಭಾವನೆ ಅಲ್ಲಿಗೆ ಅರ್ಧ ಹೋಗಿರುತ್ತದೆ.

ಟಿಡಿಡಿಯ ಸುತ್ತು ಇದೇ. ಕೆಂಪು, ಹಸಿರು, ಆಮೇಲೆ ಕೋಡ್ ಅನ್ನು ಚೊಕ್ಕ ಮಾಡುವುದು. ಮೂರರಲ್ಲಿ ಹೊಸಬರು ಹಾರಿಸಿಬಿಡುವುದು ಕೆಂಪನ್ನು. ಟೆಸ್ಟ್ ಫೇಲ್ ಆಗುವುದನ್ನು ನೋಡದೆ ಕೋಡ್ ಬರೆದುಬಿಡುತ್ತಾರೆ, ರನ್ ಮಾಡಿ ಹಸಿರು ನೋಡಿ ಸಮಾಧಾನಪಡುತ್ತಾರೆ. ಆದರೆ ಆ ಹಸಿರನ್ನು ನಂಬುವುದು ಹೇಗೆ? ಪೈಟೆಸ್ಟ್‌ನಲ್ಲಿ ಫಂಕ್ಷನ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಟೆಸ್ಟ್ (test) ಅಂತ ಶುರುವಾಗದಿದ್ದರೆ ಅದು ಆ ಫಂಕ್ಷನ್ ಅನ್ನು ಮುಟ್ಟುವುದೇ ಇಲ್ಲ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಅಷ್ಟೇ. ಟೆಸ್ಟ್ ಓಡಿಯೇ ಇಲ್ಲ, ಪರದೆ ಮಾತ್ರ ಹಸಿರು. ಇನ್ನೊಂದು, ಎರಡು ಟೆಸ್ಟಿಗೆ ಒಂದೇ ಹೆಸರು ಕಾಪಿ ಪೇಸ್ಟ್ ಆಗುವುದು. ಪೈಥಾನ್ ಎರಡನೆಯದನ್ನು ಇಟ್ಟುಕೊಂಡು ಮೊದಲನೆಯದನ್ನು ಮರೆತುಬಿಡುತ್ತದೆ, ಒಂದು ಮಾತೂ ಆಡದೆ. ಒಮ್ಮೆ ಕೆಂಪಾಗಿದ್ದನ್ನು ಕಣ್ಣಾರೆ ನೋಡಿದ್ದರೆ ಓಡದೇ ಉಳಿದ ಹೊಸ ಟೆಸ್ಟ್ ಅಲ್ಲೇ ಸಿಕ್ಕಿಬೀಳುತ್ತದೆ.

ಯಾವ ಉಪಕರಣದಿಂದ ಶುರು ಮಾಡಬೇಕು ಅನ್ನುವುದರ ಬಗ್ಗೆಯೂ ನನಗೊಂದು ಅಭಿಪ್ರಾಯ ಇದೆ. ಪೈಥಾನ್ ಜೊತೆಗೇ ಬರುವ ಯೂನಿಟ್‌ಟೆಸ್ಟ್ ಒಳ್ಳೆಯದೇ. ಆದರೆ ಅದರಲ್ಲಿ ಒಂದು ಟೆಸ್ಟ್ ಬರೆಯಬೇಕು ಅಂದರೆ ಮೊದಲು ಕ್ಲಾಸ್ ಬೇಕು, ಸೆಲ್ಫ್ ಬೇಕು, ಅಸರ್ಟ್‌ಈಕ್ವಲ್ ಅಂತ ಉದ್ದದ ಹೆಸರು ಬೇಕು. ಅದಕ್ಕೆ ಕಾರಣ ಅದರ ವಂಶಾವಳಿ. 1990ರ ದಶಕದಲ್ಲಿ ಕೆಂಟ್ ಬೆಕ್ ಸ್ಮಾಲ್‌ಟಾಕ್ ಭಾಷೆಗೆ ಎಸ್‌ಯೂನಿಟ್ ಬರೆದರು. 1997ರಲ್ಲಿ ಅವರೂ ಎರಿಕ್ ಗ್ಯಾಮಾ ಅವರೂ ಜ್ಯೂರಿಕ್‌ನಿಂದ ಅಟ್ಲಾಂಟಾಗೆ ಹೋಗುವ ವಿಮಾನದಲ್ಲಿ ಕೂತು ಜಾವಾಗೆ ಜೆಯೂನಿಟ್ ಶುರು ಮಾಡಿದರು. ಅದನ್ನು ನೋಡಿ ಪೈಥಾನ್‌ನವರು ಮಾಡಿಕೊಂಡದ್ದು ಯೂನಿಟ್‌ಟೆಸ್ಟ್, 2001ರಲ್ಲಿ ಬಂದ ಪೈಥಾನ್ 2.1ರಲ್ಲಿ ಸೇರಿತು. ಹಾಗಾಗಿ ಅದರ ನಡೆನುಡಿಯೆಲ್ಲ ಜಾವಾದ್ದು. ಇನ್ನೂ ಕ್ಲಾಸ್ ಅಂದರೇನು ಅಂತ ಗೊತ್ತಿಲ್ಲದವರ ಮುಂದೆ ಅದನ್ನಿಟ್ಟರೆ ಟೆಸ್ಟ್ ಕಲಿಯುವ ಬದಲು ಕ್ಲಾಸ್ ಜೊತೆ ಗುದ್ದಾಡುತ್ತಾರೆ. ಬರೀ ಅಸರ್ಟ್ ಸಾಲು ಸಾಕು. ಪೈಟೆಸ್ಟ್ ಇದ್ದರೆ ಚೆನ್ನ. ಇಲ್ಲದಿದ್ದರೂ ಅದೇ ಫೈಲಿನ ಕೊನೆಯಲ್ಲಿ ನಾಲ್ಕು ಅಸರ್ಟ್ ಬರೆದು ರನ್ ಮಾಡಿದರೂ ನಡೆಯುತ್ತದೆ.

ನಿಜವಾದ ತೊಡಕು ಇನ್ನೊಂದು ಕಡೆ ಇದೆ. ಹೊಸಬರು ಬರೆಯುವ ಕೋಡ್‌ಗೆ ಟೆಸ್ಟ್ ಬರೆಯಲಿಕ್ಕೇ ಆಗುವುದಿಲ್ಲ. ಅವರ ಪ್ರೋಗ್ರಾಂ ಹೇಗಿರುತ್ತದೆ? ಮೇಲೆ ಒಂದು ಇನ್‌ಪುಟ್, ಬಳಕೆದಾರರಿಂದ ಸಂಖ್ಯೆ ಕೇಳುತ್ತದೆ. ನಡುವೆ ಲೆಕ್ಕ. ಕೆಳಗೆ ಪ್ರಿಂಟ್. ಎಲ್ಲವೂ ಒಂದೇ ಉಸಿರಿನಲ್ಲಿ. ಇದಕ್ಕೆ ಟೆಸ್ಟ್ ಬರೆಯಿರಿ ಅಂದರೆ ಏನನ್ನು ಅಂತ ಹಿಡಿಯೋದು? ಫಂಕ್ಷನ್ ವಾಪಸ್ ಕೊಡುವುದು ಏನೂ ಇಲ್ಲ, ಉತ್ತರ ನೇರ ಪರದೆಗೆ ಹೋಗುತ್ತದೆ. ಟೆಸ್ಟ್ ಓಡಿಸಿದರೆ ಯಾರಾದರೂ ಕೀಬೋರ್ಡ್‌ನಲ್ಲಿ ಒತ್ತಲಿ ಅಂತ ಕಾಯುತ್ತಾ ನಿಲ್ಲುತ್ತದೆ.

ಕೇಳುವುದು, ಲೆಕ್ಕ ಹಾಕುವುದು, ಹೇಳುವುದು ಈ ಮೂರನ್ನೂ ಬಿಡಿಸಿ. ಲೆಕ್ಕ ಹಾಕುವ ಭಾಗಕ್ಕೆ ಬೇಕಾದ್ದೆಲ್ಲ ಆರ್ಗ್ಯುಮೆಂಟ್ ಆಗಿ ಬರಲಿ, ಉತ್ತರವನ್ನು ರಿಟರ್ನ್ ಮಾಡಲಿ. ಇದನ್ನು ಡಿಸೈನ್ ಪಾಠ ಅಂತ ಬೋರ್ಡ್ ಮೇಲೆ ಬರೆದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಟೆಸ್ಟ್ ಬರೆಯಲು ಹೋಗಿ ಸಿಕ್ಕಿಕೊಂಡಾಗ ತಾವೇ ಬಿಡಿಸುತ್ತಾರೆ. ರಿಟರ್ನ್‌ಗೂ ಪ್ರಿಂಟ್‌ಗೂ ಏನು ವ್ಯತ್ಯಾಸ ಅನ್ನುವ ಗೊಂದಲವೂ ಅಲ್ಲೇ ಬಗೆಹರಿಯುತ್ತದೆ. ಹೊಸಬರನ್ನು ತಿಂಗಳುಗಟ್ಟಲೆ ಕಾಡುವ ಗೊಂದಲ ಅದು.

ಇವತ್ತಿನ ದಿನಾಂಕ ಬೇಕಾದ ಫಂಕ್ಷನ್ ಕೂಡ ಇದೇ ಜಾತಿ. ವಯಸ್ಸು ಲೆಕ್ಕ ಹಾಕುವ ಫಂಕ್ಷನ್ ಒಳಗೇ ಇವತ್ತಿನ ದಿನಾಂಕ ತೆಗೆದುಕೊಂಡರೆ, ಇವತ್ತು ಪಾಸಾದ ಟೆಸ್ಟ್ ಹುಟ್ಟುಹಬ್ಬ ದಾಟಿದ ದಿನ ಫೇಲ್ ಆಗುತ್ತದೆ. ಯಾರೂ ಕೋಡ್ ಮುಟ್ಟಿರುವುದಿಲ್ಲ. ದಿನಾಂಕವನ್ನೂ ಹೊರಗಿನಿಂದ ಕೊಡಿ, ಆಯಿತು. ದಾಳ ಹಾಕುವ ಆಟ ಬರೆದಿದ್ದರೆ ಬಿದ್ದ ಸಂಖ್ಯೆಯನ್ನು ಹೊರಗಿನಿಂದ ಕೊಡಿ. ಇಷ್ಟಕ್ಕೇ ನಿಜವಾದದ್ದರ ಜಾಗದಲ್ಲಿ ನಕಲಿಯನ್ನು ಕೂರಿಸುವ ಮಾಕ್ ಅನ್ನುವ ಲೈಬ್ರರಿ ಹೇಳಿಕೊಡುವವರಿದ್ದಾರೆ. ಶುರುವಿನಲ್ಲಿ ಅದು ಬೇಡವೇ ಬೇಡ. ಆರ್ಗ್ಯುಮೆಂಟ್ ಒಂದನ್ನು ಸೇರಿಸಿದರೆ ಮುಗಿಯುವ ಕೆಲಸಕ್ಕೆ ಮಾಕ್ ತಂದರೆ, ಟೆಸ್ಟ್ ಅಂದರೆ ಮಂತ್ರವಾದಿಗಳ ಕೆಲಸ ಅನ್ನುವ ಹೆದರಿಕೆ ವಾಪಸ್ ಬರುತ್ತದೆ.

ಟೆಸ್ಟಿಗೆ ಇನ್ನೊಂದು ಉಪಯೋಗ ಇದೆ, ಅದನ್ನು ಯಾಕೋ ಜಾಸ್ತಿ ಜನ ಹೇಳುವುದಿಲ್ಲ. ಭಾಷೆಯನ್ನೇ ಪ್ರಶ್ನೆ ಕೇಳುವುದು. ಪೈಥಾನ್‌ನಲ್ಲಿ 2.5ನ್ನು ರೌಂಡ್ ಮಾಡಿದರೆ ಎಷ್ಟು? ಶಾಲೆಯಲ್ಲಿ ಕಲಿತದ್ದು 3. ಟೆಸ್ಟ್ ಬರೆದು ಓಡಿಸಿ, ಕೆಂಪು ಬರುತ್ತದೆ. ಪೈಥಾನ್ 3 ಕೊಡುವುದು 2. ಸರಿಯಾಗಿ ನಡುವೆ ಇರುವ ಸಂಖ್ಯೆಯನ್ನು ಅದು ಹತ್ತಿರದ ಸಮ ಸಂಖ್ಯೆಗೆ ಒಯ್ಯುತ್ತದೆ, ಹಾಗಾಗಿ 3.5 ಆದರೆ 4. 0.1ಕ್ಕೆ 0.2 ಕೂಡಿದರೆ 0.3 ಬರುತ್ತದಾ? ಬರುವುದಿಲ್ಲ, 0.30000000000000004 ಬರುತ್ತದೆ. 0.1 ಅನ್ನುವುದನ್ನು ಬೈನರಿಯಲ್ಲಿ ಪೂರ್ತಿ ಬರೆಯಲು ಆಗುವುದಿಲ್ಲ, ಅದಕ್ಕೆ. ಮೇಲಿನ ಹಂಚುವ ಲೆಕ್ಕದಲ್ಲಿ ಪೂರ್ತಿ ಸಂಖ್ಯೆಯೇ ಇರಬೇಕು ಅಂತ ಹಟ ಹಿಡಿದದ್ದೂ ಇದಕ್ಕೇ. ಸ್ಟ್ರಿಂಗ್ ಆಗಿ ನೋಡಿದರೆ "10" ಚಿಕ್ಕದೋ "9" ಚಿಕ್ಕದೋ? "10" ಚಿಕ್ಕದು, ಮೊದಲ ಅಕ್ಷರ ನೋಡಿಯೇ ತೀರ್ಮಾನವಾಗುತ್ತದೆ. ಇಂಥವನ್ನು ಒಂದು ಫೈಲಿನಲ್ಲಿ ಕೂಡಿಸುತ್ತಾ ಹೋಗಿ. ನೋಟ್ಸ್ ಬರೆದುಕೊಂಡ ಹಾಗೂ ಆಯಿತು, ಬೇಕಾದಾಗ ಓಡಿಸಿ ನೋಡಲೂ ಬಂತು.

ಮೊದಲ ದಿನವೇ ಟೆಸ್ಟ್ ಮೊದಲು ಬರೆಯಿರಿ ಅಂತ ನಾನು ಹೇಳುವುದಿಲ್ಲ. ಮೊದಲು ಟೆಸ್ಟ್‌ಗಳನ್ನು ನಾನೇ ಬರೆದು ಕೊಡುತ್ತೇನೆ, ಅವರು ಹಸಿರು ಮಾಡಲಿ. ಆಮೇಲೆ ಒಂದು ಆಟ. ಸರಿಯಾದ ಕೋಡ್ ಕೊಡುತ್ತೇನೆ, ಅದರ ಟೆಸ್ಟ್ ಕೊಡುತ್ತೇನೆ. ಕೋಡ್ ಅನ್ನು ಕೆಡಿಸಿ, ಆದರೆ ಯಾವ ಟೆಸ್ಟಿಗೂ ಗೊತ್ತಾಗಬಾರದು ಅನ್ನುತ್ತೇನೆ. ಕೆಡಿಸಿ ಅಂದರೆ ಯಾರಿಗೆ ಬೇಡ? "ಕಡಿಮೆ" ಇದ್ದಲ್ಲಿ "ಕಡಿಮೆ ಅಥವಾ ಸಮ" ಮಾಡುತ್ತಾರೆ, ಪ್ಲಸ್ ಒಂದನ್ನು ಮೈನಸ್ ಒಂದು ಮಾಡುತ್ತಾರೆ, ಇಫ್ ಒಂದನ್ನು ಪೂರ್ತಿ ಎತ್ತಿ ಎಸೆಯುತ್ತಾರೆ. ಟೆಸ್ಟಿಗೆ ಗೊತ್ತಾಗದ ಹಾಗೆ ಕೆಡಿಸಲು ಆಯಿತು ಅಂದರೆ ಟೆಸ್ಟ್‌ನಲ್ಲಿ ಕಿಂಡಿ ಇದೆ ಅಂತ ಅರ್ಥ, ಈಗ ಆ ಕಿಂಡಿ ಮುಚ್ಚುವ ಟೆಸ್ಟ್ ಬರೆಯಬೇಕು. ದೊಡ್ಡವರು ಇದನ್ನೇ ಮ್ಯುಟೇಶನ್ ಟೆಸ್ಟಿಂಗ್ ಅಂತ ಮಾಡುತ್ತಾರೆ, ಕೆಡಿಸುವ ಕೆಲಸವನ್ನು ಒಂದು ಪ್ರೋಗ್ರಾಂಗೆ ವಹಿಸಿ. ಎಷ್ಟು ಶೇಕಡಾ ಸಾಲುಗಳು ಟೆಸ್ಟ್‌ನಲ್ಲಿ ಓಡಿದವು ಅಂತ ಹೇಳುವ ಕವರೇಜ್ ಅಂಕಿಗಿಂತ ಈ ಆಟ ಹೊಸಬರಿಗೆ ಜಾಸ್ತಿ ಕಲಿಸುತ್ತದೆ. ಒಂದೇ ಒಂದು ಅಸರ್ಟ್ ಇಲ್ಲದೆ ಸುಮ್ನೆ ಫಂಕ್ಷನ್‌ಗಳನ್ನು ಕರೆದರೂ ಕವರೇಜ್ ನೂರಕ್ಕೆ ನೂರು ತೋರಿಸಬಹುದು.

ಇಷ್ಟೆಲ್ಲ ಮಾಡಿದರೆ ಕೆಲಸ ನಿಧಾನವಾಗುವುದಿಲ್ಲವಾ? ಆಗುತ್ತದೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮೈಕ್ರೋಸಾಫ್ಟ್‌ನ ಮೂರು ಮತ್ತು ಐಬಿಎಂನ ಒಂದು ತಂಡವನ್ನು ನೋಡಿತು. ಟಿಡಿಡಿ ಮಾಡದ ಅದೇ ಥರದ ಪ್ರಾಜೆಕ್ಟ್‌ಗಳಿಗೆ ಹೋಲಿಸಿದರೆ ಬಿಡುಗಡೆಗೆ ಮುಂಚಿನ ದೋಷಗಳ ಸಾಂದ್ರತೆ 40ರಿಂದ 90 ಶೇಕಡಾ ಕಡಿಮೆ ಇತ್ತು. ಶುರುವಿನ ಕೆಲಸಕ್ಕೆ 15ರಿಂದ 35 ಶೇಕಡಾ ಜಾಸ್ತಿ ಸಮಯ ಹಿಡಿಯಿತು ಅಂತ ಆ ತಂಡಗಳ ಅಂದಾಜು. ನಾಲ್ಕೇ ತಂಡ, ಅವರೆಲ್ಲ ವೃತ್ತಿಪರರು. ಆ ಅಂಕಿಗಳನ್ನು ಎತ್ತಿ ಹೊಸಬರ ಮೇಲೆ ಹೊರಿಸುವುದು ನ್ಯಾಯವಲ್ಲ. ಅನುಭವಿಗಳಲ್ಲೂ ಒಮ್ಮತ ಇಲ್ಲ. ರೂಬಿ ಆನ್ ರೈಲ್ಸ್ ಅನ್ನುವ ವೆಬ್ ಫ್ರೇಮ್‌ವರ್ಕ್ ಮಾಡಿದ ಡೇವಿಡ್ ಹೈನೆಮೆಯರ್ ಹ್ಯಾನ್ಸನ್ 2014ರಲ್ಲಿ ಟಿಡಿಡಿ ಸತ್ತಿದೆ ಅಂತಲೇ ಬರೆದರು. ಆಮೇಲೆ ಅವರು, ಕೆಂಟ್ ಬೆಕ್, ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ ಮೂವರೂ ಕೂತು ಅದರ ಬಗ್ಗೆ ಬಹಿರಂಗವಾಗಿ ಚರ್ಚೆ ಮಾಡಿದರು. ಹ್ಯಾನ್ಸನ್ ಅವರ ತಕರಾರು ಟೆಸ್ಟ್ ಮೇಲಲ್ಲ. ಟೆಸ್ಟ್ ಮಾಡಲು ಅನುಕೂಲವಾಗಲಿ ಅಂತ ಕೋಡ್ ಅನ್ನು ಪದರ ಪದರವಾಗಿ ತಿರುಚುವುದರ ಮೇಲೆ. ಅದರಲ್ಲಿ ಹುರುಳಿದೆ ಅಂತ ನನಗೂ ಅನ್ನಿಸುತ್ತದೆ. ಪರದೆಯ ಮೇಲೆ ಬಟನ್ ಎಲ್ಲಿ ಚೆನ್ನಾಗಿ ಕಾಣುತ್ತದೆ ಅಂತ ಹುಡುಕಾಡುವಾಗ, ಅಥವಾ ಏನು ಬೇಕು ಅಂತಲೇ ಗೊತ್ತಿಲ್ಲದೆ ಒಂದಿಷ್ಟು ಗೀಚಿ ನೋಡುವಾಗ, ಟೆಸ್ಟ್ ಮೊದಲು ಅನ್ನುವುದು ಬರೀ ಹಟ. ಲೆಕ್ಕ, ದಿನಾಂಕ, ಪಟ್ಟಿ, ನಿಯಮ ಇಂಥ ಕಡೆ ಮಾತ್ರ ಅದು ಕೈ ಹಿಡಿಯುತ್ತದೆ. ಹೊಸಬರು ಅಭ್ಯಾಸಕ್ಕೆ ಬರೆಯುವ ಪ್ರೋಗ್ರಾಂಗಳು ಬಹುಪಾಲು ಇಂಥವೇ ಇರುತ್ತವೆ ಅನ್ನುವುದು ನಮ್ಮ ಅನುಕೂಲ.

ಹಸಿರು ಬಂದರೆ ಕೋಡ್ ಸರಿ ಇದೆ ಅಂತಲ್ಲ. ಟೆಸ್ಟಿಂಗ್ ಬಗ್‌ಗಳು ಇವೆ ಅಂತ ತೋರಿಸಬಲ್ಲದು, ಇಲ್ಲ ಅಂತ ತೋರಿಸಲಾರದು ಅಂತ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರ 1969ರಲ್ಲೇ ಹೇಳಿದ್ದರು. ಯೂನಿಟ್ ಟೆಸ್ಟ್‌ಗಂತೂ ಇನ್ನೊಂದು ಮಿತಿ ಇದೆ, ಅದು ಒಂದೊಂದು ತುಂಡನ್ನು ಬೇರೆ ಬೇರೆಯಾಗಿ ನೋಡುತ್ತದೆ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹಕ್ಕೆ ತೀರಾ ಹತ್ತಿರ ಹೋಗಿ ನಾಶವಾಯಿತು. ನೆಲದ ಮೇಲಿನ ಒಂದು ಸಾಫ್ಟ್‌ವೇರ್ ಪೌಂಡ್-ಸೆಕೆಂಡ್ ಲೆಕ್ಕದಲ್ಲಿ ಸಂಖ್ಯೆ ಕೊಟ್ಟಿತ್ತು, ಅದನ್ನು ಪಡೆದುಕೊಂಡ ಸಾಫ್ಟ್‌ವೇರ್ ನ್ಯೂಟನ್-ಸೆಕೆಂಡ್ ಅಂತ ಓದಿಕೊಂಡಿತ್ತು. ಎರಡರ ನಡುವೆ ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸ. ಇಂಥ ಕಡೆ ಆ ಕಡೆಯ ಕೋಡ್‌ಗೂ ಈ ಕಡೆಯ ಕೋಡ್‌ಗೂ ಬೇರೆ ಬೇರೆ ಟೆಸ್ಟ್ ಎಷ್ಟು ಬರೆದರೂ ಸಾಲದು, ಎರಡನ್ನೂ ಜೋಡಿಸಿ ನೋಡುವ ಟೆಸ್ಟ್ ಬೇಕು.

ಟೆಸ್ಟ್‌ನಲ್ಲಿ ಬರೆದ ಉತ್ತರವೂ ದೇವರು ಹೇಳಿದ್ದಲ್ಲ. 1900 ಅಧಿಕ ವರ್ಷ ಅಲ್ಲ, ನೂರರಿಂದ ಭಾಗವಾಗುತ್ತದೆ, ನಾನೂರರಿಂದ ಆಗುವುದಿಲ್ಲ. ಆದರೆ ಎಕ್ಸೆಲ್‌ನಲ್ಲಿ ಇವತ್ತಿಗೂ 1900ರ ಫೆಬ್ರುವರಿ 29 ಇದೆ. ಲೋಟಸ್ 1-2-3 ಅನ್ನುವ ಹಳೆಯ ಸ್ಪ್ರೆಡ್‌ಶೀಟ್ ಪ್ರೋಗ್ರಾಂನಲ್ಲಿ ಆ ತಪ್ಪು ಇತ್ತು, ಅದರ ಫೈಲ್‌ಗಳು ಹೊಂದಿಕೊಳ್ಳಲಿ ಅಂತ ಬೇಕೆಂದೇ ಉಳಿಸಿಕೊಂಡರು. ಎಕ್ಸೆಲ್‌ಗೆ ಟೆಸ್ಟ್ ಬರೆಯುವವರು ಇಲ್ಲದ ಆ ದಿನ ಇದೆ ಅಂತಲೇ ಬರೆಯಬೇಕು, ಇಲ್ಲದಿದ್ದರೆ ಎಷ್ಟೋ ಜನರ ಹಳೆಯ ಶೀಟ್‌ಗಳು ಕೆಡುತ್ತವೆ.

ಈಗ ಎಐ ಬಂದಿದೆ, ಟೆಸ್ಟ್ ಬರಿ ಅಂದರೆ ಬರೆದುಕೊಡುತ್ತದೆ. ಕಲಿತವರಿಗೆ ಅನುಕೂಲವೇ. ಕಲಿಯುವವರಿಗೆ ಒಂದು ತೊಂದರೆ ಇದೆ. ಕೋಡ್ ತೋರಿಸಿ ಇದಕ್ಕೆ ಟೆಸ್ಟ್ ಬರಿ ಅಂದರೆ ಅದು ಕೋಡ್ ಈಗ ಏನು ಮಾಡುತ್ತಿದೆಯೋ ಅದನ್ನೇ ಸರಿ ಅಂದುಕೊಂಡು ಟೆಸ್ಟ್ ಬರೆದುಬಿಡಬಹುದು. ಮೇಲಿನ [35, 33, 33] ಕೊಡುವ ಕೋಡ್ ಅನ್ನು ಹಾಗೇ ಕೊಟ್ಟರೆ, 101ಕ್ಕೆ [35, 33, 33] ಬರಬೇಕು ಅಂತ ಟೆಸ್ಟ್ ಬಂದರೂ ಆಶ್ಚರ್ಯವಿಲ್ಲ. ಉಳಿದದ್ದನ್ನು ಯಾರಿಗೆ ಕೊಡಬೇಕು ಅಂತ ನಾವು ಒಪ್ಪಿಕೊಂಡದ್ದು ಅದಕ್ಕೆ ಗೊತ್ತಿಲ್ಲವಲ್ಲ. ಹಾಗಾಗಿ ನಾನು ಉಲ್ಟಾ ಮಾಡಿಸುತ್ತೇನೆ. ಬರಬೇಕಾದ ಉತ್ತರಗಳನ್ನು ಪೆನ್ನು ಪೇಪರ್ ಹಿಡಿದು ನೀವು ಲೆಕ್ಕ ಹಾಕಿ ಬರೆಯಿರಿ, ಕೋಡ್ ಬೇಕಾದರೆ ಎಐ ಬರೆಯಲಿ.

ಈಗಾಗಲೇ ಒಂದಿಷ್ಟು ಕೋಡ್ ಬರೆದಿಟ್ಟವರು ಎಲ್ಲಿಂದ ಶುರು ಮಾಡಬೇಕು ಅಂತ ಕೇಳುತ್ತಾರೆ. ಹಳೆಯದಕ್ಕೆಲ್ಲ ಟೆಸ್ಟ್ ಬರೆಯಲು ಕೂರಬೇಡಿ, ಎರಡು ದಿನದಲ್ಲಿ ಬೇಜಾರಾಗಿ ಬಿಟ್ಟುಬಿಡುತ್ತೀರಿ. ಮುಂದಿನ ಬಗ್ ಸಿಗುವವರೆಗೆ ಕಾಯಿರಿ. ಸಿಕ್ಕ ಕೂಡಲೇ ತಿದ್ದಲು ಕೈ ಹಾಕಬೇಡಿ, ಆ ಬಗ್ ಅನ್ನು ಹಿಡಿದು ತೋರಿಸುವ ಟೆಸ್ಟ್ ಮೊದಲು ಬರೆಯಿರಿ. ಕೆಂಪಾಗಬೇಕು. ಆಗಲಿಲ್ಲ ಅಂದರೆ ಬಗ್ ಇನ್ನೂ ಸರಿಯಾಗಿ ಅರ್ಥವಾಗಿಲ್ಲ ಅಂತ ಲೆಕ್ಕ. ಆಮೇಲೆ ತಿದ್ದಿ. ಆ ಟೆಸ್ಟ್ ಅನ್ನು ಅಳಿಸದೆ ಇಟ್ಟುಕೊಳ್ಳಿ, ಅದಕ್ಕೆ ಟೆಸ್ಟ್ 1, ಟೆಸ್ಟ್ 2 ಅಂತ ಹೆಸರಿಡಬೇಡಿ. "ಟೆಸ್ಟ್_ಜನ_ಸೊನ್ನೆ_ಇದ್ದರೆ_ಎರರ್" ಅಂತ ಉದ್ದಕ್ಕೆ ಬರೆಯಿರಿ. ಆರು ತಿಂಗಳ ನಂತರ ಕೆಂಪಾದಾಗ ಮೊದಲು ಕಣ್ಣಿಗೆ ಬೀಳುವುದು ಆ ಹೆಸರೇ.